ತ್ಸುಕುಬಾಗೆ ಒಯ್ದ ಪ್ರಶ್ನೆ

ಭಾನುವಾರ ಬೆಳಿಗ್ಗೆ ನಾವಿರುವ ನಿಶಿ ಕಸಾಯಿ ಬಿಟ್ಟಾಗ ಹಾಳು ಚಳಿಗಾಳಿ. ಜೊತೆಗೆ ಲೀಸಾ, ನಮ್ಮ ಬೀದಿಯ ವೃದ್ಧಾಶ್ರಮದಲ್ಲಿ ಕೆಲಸ ಮಾಡುವ ಫಿಲಿಪೀನ್ಸ್ ಹೆಣ್ಣುಮಗಳು. ನನ್ನನ್ನು "ಅಕ್ಕ" ಅನ್ನುತ್ತಾಳೆ, ನಾನೇ ಕಲಿಸಿದ್ದು. ಅವಳ ಊರಿನ ಬಾಕ್ಸಿಂಗ್ ಚಾಂಪಿಯನ್, ಈಗ ಅಲ್ಲಿನ ಮೇಯರ್, ತನ್ನ ದೇಶದವರನ್ನು ಕಾಣಲು ತ್ಸುಕುಬಾಗೆ ಬಂದಿದ್ದ. ಒಬ್ಬಳೇ ಹೋಗಲು ಅವಳಿಗೆ ಧೈರ್ಯವಿರಲಿಲ್ಲ.

ಅಕಿಹಬಾರಾದಲ್ಲಿ ರೈಲು ಬದಲಿಸಬೇಕು. ಅಲ್ಲಿಂದ ಮುಕ್ಕಾಲು ಗಂಟೆ. ಟಿಕೆಟ್ಟು ಸಾವಿರದ ಇನ್ನೂರು ಯೆನ್ ಚಿಲ್ಲರೆ. ಬೆಂಚಿನ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚಿದರೆ ಲೀಸಾ ಮುಟ್ಟಲೇ ಇಲ್ಲ.

ಅವಳ ಅಣ್ಣ ಡಾಂಟೆ ಮತ್ತು ಆ ಚಾಂಪಿಯನ್ ಹುಡುಗರಾಗಿದ್ದಾಗ ಒಂದೇ ರಟ್ಟು ಹಾಸಿಕೊಂಡು ಮಲಗಿದವರು. ಪ್ರತಿ ಪಂದ್ಯಕ್ಕೂ ಅವನ ಮುಷ್ಟಿಗೆ ಬಟ್ಟೆಪಟ್ಟಿ ಸುತ್ತುತ್ತಿದ್ದವನು ಡಾಂಟೆ. ಬೇರೆ ಯಾರಿಗೂ ಚಾಂಪಿಯನ್ ತನ್ನ ಮುಷ್ಟಿ ಮುಟ್ಟಲು ಬಿಡುತ್ತಲೇ ಇರಲಿಲ್ಲವಂತೆ. ಹೋದ ವರ್ಷ ಡಾಂಟೆ ತೀರಿಕೊಂಡ. ಮೇಯರ್ ಕಚೇರಿಗೆ ಹೇಳಿಕಳಿಸಿದರೂ ಗೆಳೆಯ ಮಣ್ಣಿಗೆ ಬರಲಿಲ್ಲ.

"ಯಾಕೆ ಬರ್ಲಿಲ್ಲ ಅಂತ ಮುಖಕ್ಕೆ ಮುಖ ಕೊಟ್ಟು ಕೇಳು ಅಂದಿದ್ದಾರೆ ಅಮ್ಮ," ಎಂದಳು ತನ್ನ ಹರಕು ಇಂಗ್ಲಿಷಿನಲ್ಲಿ.

"ಕೇಳೇ, ಬಿಡಬೇಡ! ದೊಡ್ಡ ಮನುಷ್ಯ ಆದ್ರೆ ಹಳೇದೆಲ್ಲ ಮರ್ತುಹೋಗತ್ತಾ?" ಎಂದೆ ನಾನು ನನ್ನ ಹರಕು ಇಂಗ್ಲಿಷಿನಲ್ಲಿ.

ತ್ಸುಕುಬಾದ ಸಭಾಂಗಣ ಕಿಕ್ಕಿರಿದಿತ್ತು. ಮೀನು ಮಾರಿ ಬೆಳೆದದ್ದನ್ನು, ಹಸಿದು ರಿಂಗ್ ಹತ್ತಿದ್ದನ್ನು ಚಾಂಪಿಯನ್ ಹೇಳುವಾಗ ಸುತ್ತಲಿದ್ದವರು ಕಣ್ಣೊರೆಸಿಕೊಂಡರು. ಆಮೇಲೆ ಫೋಟೋಕ್ಕೆ ಸಾಲು. ಲೀಸಾಳ ಸರದಿ ಬಂತು. ಗುರುತು ಹಿಡಿದವನೇ ಬಗ್ಗಿ, ಅವಳ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡ. ಅವರಲ್ಲಿ ಹಿರಿಯರಿಗೆ ಮಾಡುವ ನಮಸ್ಕಾರ ಅದು, ನಮ್ಮಲ್ಲಿ ಕಾಲಿಗೆ ಬಿದ್ದ ಹಾಗೆ. "ಇದು ನಿಮ್ಮಮ್ಮನಿಗೆ, ಮುಟ್ಟಿಸು," ಎಂದ.

ರಾಜಕಾರಣಿಗಳ ನಮಸ್ಕಾರ ನಾನು ಕಾಣದ್ದಾ! ಹಾಗಂದುಕೊಳ್ಳುವಷ್ಟರಲ್ಲಿ ಎರಡೂ ಮುಷ್ಟಿ ಮುಂದೆ ಚಾಚಿ ನಕ್ಕ. ಅವನದೂ ಅರ್ಧ ಇಂಗ್ಲಿಷೇ. "ಎಲ್ಲಿ ನಮ್ಮ ಡಾಂಟೆ? ನನ್ ಮೇಲೆ ಕೋಪಾನಾ? ಒಂದು ಫೋನೂ ಇಲ್ಲ."

ಅಯ್ಯೋ ದೇವರೇ, ಇವನಿಗೆ ಸುದ್ದಿಯೇ ಮುಟ್ಟಿರಲಿಲ್ಲ.

"ಚೆನ್ನಾಗಿದ್ದಾನೆ," ಎಂದಳು ಲೀಸಾ. "ಫೋನ್ ಮಾಡು ಅಂತ ಹೇಳ್ತೀನಿ."

ಹಿಂದಿನವರು ಮುಂದೆ ಬಂದರು. ನಾವು ಹೊರಗೆ ಬಂದೆವು.

ಸ್ಟೇಷನ್ನಿನ ಬಾಗಿಲಲ್ಲೇ ಅವಳ ಅಮ್ಮನ ಫೋನು. ಲೀಸಾ ಗೋಡೆಗೆ ತಿರುಗಿ ನಿಂತು ಮಾತಾಡಿದಳು. ಇಟ್ಟ ಮೇಲೆ ಕೇಳಿದೆ, "ಏನಂದೆ?"

"ಅಣ್ಣನ ಹೆಸರು ಎತ್ತಿದ ಕೂಡ್ಲೇ ಅತ್ತುಬಿಟ್ಟ, ಮಾತೇ ಹೊರಡ್ಲಿಲ್ಲ ಅಂದೆ."

ನನಗೆ ಅಳು ತಡೆಯಲಾಗಲಿಲ್ಲ. "ಅದಕ್ಕೆ ಅಮ್ಮ?"

"ಪಾಪ, ಅವನಿಗೆ ಸಮಾಧಾನ ಹೇಳಿದ್ಯಾ ಅಂತ ಕೇಳಿದ್ರು."