ಹಿಂದಿನ ಸಾಲಿಗೆ ಹೋದ ಕುಸ್ವಾರ್

ಕಳೆದ ಡಿಸೆಂಬರ್‌ನಲ್ಲಿ ಸಿಡ್ನಿಯ ಒಂದು ಕ್ರಿಸ್ಮಸ್ ಮಾರ್ಕೆಟ್‌ಗೆ ಹೋಗಿದ್ದೆ. ಯುರೋಪಿನ ಹಳೆಯ ಊರೊಂದರ ಸಂತೆಯ ಪಡಿಯಚ್ಚು ಎಂದು ಬೋರ್ಡು ಹಾಕಿದ್ದರು. ಇಲ್ಲಿ ಡಿಸೆಂಬರ್ ಎಂದರೆ ಬೇಸಿಗೆ; ಬೆವರು ಕಣ್ಣಿಗಿಳಿಯುವ ಬಿಸಿಲಿನಲ್ಲಿ ಚಕ್ಕೆ, ಲವಂಗ ಹಾಕಿ ಕುದಿಸಿದ ವೈನ್ ಮಾರುತ್ತಿದ್ದರು. ಆ ವಾಸನೆಗೆ ಸಾಸೇಜಿನ ಜಿಡ್ಡು ಸೇರಿ ಮೂಗಿಗೆ ಬಡಿಯಿತು. ನೆರಳು ಹುಡುಕಿ ಕೂತೆ. ಮೆಲ್ಬರ್ನ್‌ನ ಆಂಟಿ ನೆನಪಾದರು…

ಮೊದಲು ನಾವು ಮೆಲ್ಬರ್ನ್‌ನ ವಿಂಡಮ್ ವೇಲ್ ಬಡಾವಣೆಯಲ್ಲಿದ್ದಾಗ ನಮ್ಮ ಪಕ್ಕದ ಮನೆ ಅವರದು. ಮಂಗಳೂರು ಕಡೆಯ ಕ್ರೈಸ್ತರು. ಗಂಡ ತೀರಿಕೊಂಡಿದ್ದರು, ಮಗಳು ಮದುವೆಯಾಗಿ ಊರಿನ ಇನ್ನೊಂದು ತುದಿಯ ಕ್ಲೈಡ್ ನಾರ್ತ್‌ನಲ್ಲಿದ್ದಳು. ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ದಿನವಿಡೀ ನಿಂತು ಕೆಲಸ ಮಾಡಿ ಬಂದರೂ, ಡಿಸೆಂಬರ್ ಬಂತೆಂದರೆ ಕುಸ್ವಾರ್ ಮಾಡದೆ ಬಿಡುತ್ತಿರಲಿಲ್ಲ. ಹಬ್ಬದ ತಿಂಡಿಗಳಿಗೆಲ್ಲ ಸೇರಿ ಅವರಲ್ಲಿ ಆ ಹೆಸರು. ಎಳ್ಳು, ಕೊಬ್ಬರಿ ತುಂಬಿದ ನೆವ್ರಿ, ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ, ಸುರುಳಿ ಸುತ್ತಿ ಕರಿದ ಕಿಡಿಯೊ… ಮೊದಲ ತಟ್ಟೆ ನಮ್ಮ ಮನೆಗೇ ಬರುತ್ತಿತ್ತು.

ಒಂದು ವರ್ಷ ನಮ್ಮ ಬಡಾವಣೆಯ ಕಮಿಟಿಯವರು ಯುರೋಪಿನಂಥದೇ ಒಂದು ಮಾರ್ಕೆಟ್ ಮಾಡಲು ಹೊರಟರು. ನಾನು ಕಾರ್ಯದರ್ಶಿ. ನೀವೂ ಒಂದು ಸ್ಟಾಲ್ ಇಡಿ ಎಂದು ಆಂಟಿಯನ್ನು ಒತ್ತಾಯಿಸಿದವನೂ ನಾನೇ.

"ನಾನು ಮಾಡಿದ್ದನ್ನು ಇಲ್ಲಿಯ ಜನ ತಿಂತಾರಾ ಮಾರಾಯ್ರೆ?" ಎಂದರು. ಆದರೆ ಮಾರನೆಯ ದಿನವೇ ರಜೆಗೆ ಅರ್ಜಿ ಹಾಕಿ ಬಂದರು.

ಆ ದಿನ ಉರಿಬಿಸಿಲು. ಮರದ ಗೂಡಂಗಡಿಗಳ ನಡುವೆ ಯಂತ್ರವೊಂದು ಹಿಮವೆಂದು ಸೋಪಿನ ನೊರೆ ಉಗುಳುತ್ತಿತ್ತು. ಅದು ಬೆವೆತ ಕೈಗಳಿಗೆ ಲೋಳೆಯಂತೆ ಅಂಟಿಕೊಂಡರೂ ದೊಡ್ಡವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಆಂಟಿ ರೇಷ್ಮೆ ಸೀರೆಯುಟ್ಟು, ಮುಂದಿನ ಸಾಲಿನಲ್ಲಿ ಬಿಳಿ ಕಸೂತಿ ಬಟ್ಟೆ ಹಾಸಿ, ತಟ್ಟೆಗಳನ್ನು ಜೋಡಿಸಿದರು. ಅರ್ಧ ಗಂಟೆಯೂ ಆಗಿರಲಿಲ್ಲ, ಕಮಿಟಿಯ ಅಧ್ಯಕ್ಷ ನನ್ನನ್ನು ಪಕ್ಕಕ್ಕೆಳೆದ. ನಮ್ಮ ಬೆಂಗಳೂರಿನವನೇ.

"ಏನ್ರೀ ಇದು, ಕುರುಕಲು ತಿಂಡಿ ಅಂಗಡಿ ಥರ! ಯುರೋಪಿಯನ್ ಫೀಲೇ ಹಾಳಾಗ್ತಿದೆ. ಹಿಂದಕ್ಕೆ ಕಳ್ಸಿ. ಬೇಕಾದ್ರೆ ದೀಪಾವಳಿಗೆ ಮುಂದೆ ಕೊಡೋಣ."

"ಅವ್ರು ಕ್ರಿಶ್ಚಿಯನ್ಸ್, ಸರ್."

"ನೋಡಿದ್ರೆ ಯಾರಿಗ್ರೀ ಗೊತ್ತಾಗತ್ತೆ?" ಎಂದು ನಕ್ಕ.

ನಾನೂ ನಕ್ಕೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

"ಆಂಟಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಹಿಂದೆ ನೆರಳಿದೆ" ಎಂದೆ. ಹಿಂದೆ ಇದ್ದದ್ದು ಜನರೇಟರ್ ಮತ್ತು ಕಸದ ಡಬ್ಬಿಗಳು. ಅವರು ಆ ಕಡೆ ನೋಡಿದರು, ನನ್ನನ್ನು ನೋಡಿದರು.

"ಇದು ನಮ್ಮ ಏಸುವಿನ ಹಬ್ಬ ಅಲ್ವಾ?" ಎಂದಷ್ಟೇ ಕೇಳಿದರು.

ತಟ್ಟೆಗಳನ್ನು ಒಂದೊಂದಾಗಿ ತಾವೇ ಹೊತ್ತರು. ಅಧ್ಯಕ್ಷ ನೋಡುತ್ತಿದ್ದನೆಂದು ನಾನು ಕೈ ಜೋಡಿಸಲಿಲ್ಲ. ಸಂಜೆ ಹೋಗಿ ನೋಡಿದರೆ ಎಲ್ಲವೂ ಇಟ್ಟಂತೆಯೇ ಇತ್ತು. ಕಸೂತಿ ಬಟ್ಟೆಯನ್ನೇ ತಿಂಡಿಯ ಮೇಲೆ ಮುಚ್ಚಿ, ನೊಣ ಓಡಿಸುತ್ತ ಕೂತಿದ್ದರು. "ಎಂತ ಬೇಜಾರಿಲ್ಲ, ನೀವು ಹೋಗಿ, ನಿಮಗೆ ಕೆಲಸ ಉಂಟಲ್ಲ" ಎಂದರು.

ಮುಂದಿನ ಡಿಸೆಂಬರ್‌ನಲ್ಲೂ ನಮ್ಮ ಮನೆಗೆ ತಟ್ಟೆ ಬಂತು. ಬಾರದಿದ್ದರೇ ಚೆನ್ನಾಗಿತ್ತು. ತಿನ್ನಲಾಗಲಿಲ್ಲ. ಕ್ಷಮೆ ಕೇಳಬೇಕು, ನಾಳೆ ಕೇಳೋಣ ಎನ್ನುತ್ತಲೇ ಕೆಲಸ ಬದಲಾಗಿ ಸಿಡ್ನಿಗೆ ಬಂದುಬಿಟ್ಟೆ. ಎರಡು ವರ್ಷದ ನಂತರ ಅವರು ಹೋದ ಸುದ್ದಿ ಬಂತು. ಟಿಕೆಟ್ ಸಿಗಲಿಲ್ಲವೆಂದು ಸುಳ್ಳು ಹೇಳಿ ಮಣ್ಣಿಗೂ ಹೋಗಲಿಲ್ಲ.

ಸಿಡ್ನಿಯ ಆ ಮಾರ್ಕೆಟ್‌ನಲ್ಲಿ ಕೂತಲ್ಲಿಂದಲೇ ಅವರ ಮಗಳಿಗೆ ಫೋನ್ ಮಾಡಿದೆ. ಅವಳಿಗಾದರೂ ಎಲ್ಲ ಹೇಳಿಬಿಡಬೇಕೆಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಖುಷಿಯಿಂದ ಶುರುಮಾಡಿದಳು.

"ಅಣ್ಣಾ, ಅಮ್ಮ ಕೊನೆವರೆಗೂ ನಿಮ್ಮ ಮಾರ್ಕೆಟ್ ಬಗ್ಗೆ ಹೇಳ್ತಿದ್ರು. ನೀವು ಮುಂದಿನ ಸಾಲಲ್ಲೇ ಜಾಗ ಕೊಡಿಸಿದ್ರಂತೆ. ಮಾಡಿದ್ದೆಲ್ಲ ಒಂದೇ ಗಂಟೆಯಲ್ಲಿ ಖಾಲಿ ಆಯ್ತಂತೆ, ಹೌದಾ?"

ನಿಜ ಗೊತ್ತಿದ್ದು, ನನ್ನನ್ನು ಬೈಯಬಹುದಾಗಿದ್ದವರು ಆಂಟಿಯೊಬ್ಬರೇ…

"ಹೌದಮ್ಮ" ಎಂದೆ.