ಉಪ್ಪು ಹಾಕಿದ್ದು ನಮ್ಮಜ್ಜಿ

ನಿನ್ನೆ ಸಂಜೆ ಸೊಸೆ ಅಡುಗೆಮನೆಯಿಂದ ಸೌಟು ಹಿಡಿದು ಬಂದು, "ಅತ್ತೆ, ಕೈ ಚಾಚಿ" ಎಂದಳು. ಅಂಗೈಗೆ ಎರಡು ಹನಿ ಮಸ್ಸೊಪ್ಪಿನ ಸಾರು ಬಿತ್ತು. ಬಿ.ಪಿ. ಎಂದು ಡಾಕ್ಟರು ನನಗೆ ಉಪ್ಪು ಬಿಡಿಸಿದ ಮೇಲೆ, ಉಪ್ಪು ಹಾಕಿದ ಅಡುಗೆ ನನ್ನ ನಾಲಿಗೆಗೆ ತಾಗುವುದು ಹೀಗೆ ಅಂಗೈ ಮೂಲಕ ಮಾತ್ರ. ಹಾಗಾಗಿ ನಾನು ಅವಸರಪಡುವುದಿಲ್ಲ. ಕಣ್ಣು ಮುಚ್ಚಿ, ತಲೆಯಾಡಿಸಿ, "ಸರಿಯಾಗಿ ಗೊತ್ತಾಗ್ಲಿಲ್ಲ, ಇನ್ನೊಂಚೂರು ಹಾಕು" ಎಂದು ಮತ್ತೆ ಕೈ ಚಾಚುತ್ತೇನೆ. ಸೊಸೆಗೆ ಇದೆಲ್ಲ ಗೊತ್ತು, ಆದರೂ ಪಾಪ, ಹಾಕುತ್ತಾಳೆ.

ಹೀಗೆ ಅಂಗೈ ನೆಕ್ಕಿ ಉಪ್ಪು ಹೇಳುವವರು ಆವತ್ತು ಒಬ್ಬರಾದರೂ ಇದ್ದಿದ್ದರೆ, ನಮ್ಮ ಮುನ್ನಕ್ಕನ ಮದುವೆ ಪಕೋಡದ ದೆಸೆಯಿಂದ ಮುರಿದುಬೀಳುವ ಗಳಿಗೆ ಬರುತ್ತಲೇ ಇರಲಿಲ್ಲ. ಈ ಕಥೆಯನ್ನು ನಮ್ಮ ಮನೆಯಲ್ಲಿ ಕೇಳದವರಿಲ್ಲ. ಸೊಸೆಯೊಬ್ಬಳೇ ಬಾಕಿ ಇದ್ದಳು. ಸಾರು ಕುದಿಯಲು ಬಿಟ್ಟು ಅವಳೂ ಕೂತಳು. ನೀವೂ ಕೂತುಕೊಳ್ಳಿ.

ನಾನು ಹುಟ್ಟಿ ಬೆಳೆದದ್ದು ಶಿಡ್ಲಘಟ್ಟದಲ್ಲಿ. ಅರವತ್ತರ ದಶಕದ ಶುರು ಎಂದಿಟ್ಟುಕೊಳ್ಳಿ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಮನೆಯೆಂದರೆ ಹುಳದ್ದೇ ಮನೆ, ನಾವು ಬಾಡಿಗೆಗಿದ್ದವರು. ನಡುಮನೆಯ ತುಂಬ ಬಿದಿರ ತಟ್ಟೆಗಳು, ತಟ್ಟೆ ತುಂಬ ಹುಳ. ಮನುಷ್ಯರೆಲ್ಲ ಜಗುಲಿಯ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ಹುಳ ಸೊಪ್ಪು ತಿನ್ನುವ ಸದ್ದನ್ನು ಎಲ್ಲರೂ ಮಳೆಗೆ ಹೋಲಿಸುತ್ತಾರೆ. ನನಗೇನೋ ಅದು ಗೌರಿಬಿದನೂರಿನ ನಮ್ಮ ಸೋದರಮಾವ ಚಕ್ಕುಲಿ ತಿನ್ನುವ ಸದ್ದಿನ ಹಾಗೆ ಕೇಳುತ್ತಿತ್ತು.

ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ. ಕಾಯಿಲೆಯಲ್ಲ, ಪೊರೆ ಬಿಡುವುದಕ್ಕೆ ಮೇವು ಬಿಟ್ಟು ಸುಮ್ಮನೆ ಕೂರುತ್ತದಲ್ಲ, ಅದನ್ನೇ ಜ್ವರ ಎನ್ನುವುದು. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಹಗಲೂ ರಾತ್ರಿ ತಿಂದು, ಮೈ ಮಾಗಿ ಹಣ್ಣಾಗಿ, ಗೂಡು ಕಟ್ಟುತ್ತದೆ. ಆ ಒಂದು ವಾರ ನಮ್ಮಜ್ಜಿಯ ದರ್ಬಾರು. ಒಗ್ಗರಣೆ ಇಲ್ಲ, ಕರಿಯುವುದಿಲ್ಲ, ಮೆಣಸಿನಕಾಯಿ ಹುರಿಯುವುದಿಲ್ಲ, ಬೀಡಿ ಇಲ್ಲ, ಊದುಬತ್ತಿಯೂ ಇಲ್ಲ. ಘಾಟು ತಗುಲಿದರೆ ಹುಳ ಮೇವು ಬಿಡುತ್ತದೆ ಎಂಬುದು ಅಜ್ಜಿಯ ಶಾಸ್ತ್ರ. ಚಕ್ಕುಲಿಯ ಸೋದರಮಾವ ಒಮ್ಮೆ ತಲೆಗೆ ಘಮಘಮ ಎಣ್ಣೆ ಹಚ್ಚಿಕೊಂಡು ಬಂದಾಗ ಅಜ್ಜಿ ಅವರನ್ನು ಹೊಸಲು ದಾಟಲು ಬಿಡದೆ, ಜಗುಲಿಯಲ್ಲೇ ಮುದ್ದೆ ಉಣ್ಣಿಸಿ ಅಲ್ಲಿಂದಲೇ ಬಸ್ಸಿಗೆ ಕಳಿಸಿದ್ದರು.

ನಮ್ಮ ಗೋಡೆಗೆ ಗೋಡೆ ಹತ್ತಿಕೊಂಡ ಮನೆ ಜೈನಾಬಿಯವರದು. ಅವರದು ನೂಲು ತೆಗೆಯುವ ಮನೆ. ಹಿತ್ತಲಲ್ಲಿ ಚರಕ, ಒಲೆ, ಒಲೆಯ ಮೇಲೆ ಗೂಡು ಬೇಯುವ ನೀರು. ಗೂಡು ಬೆಂದ ವಾಸನೆ ಗೊತ್ತಿಲ್ಲದವರಿಗೆ ನಾನು ವರ್ಣಿಸಲು ಹೋಗುವುದಿಲ್ಲ, ನೀವಿನ್ನೂ ಊಟ ಮಾಡಬೇಕು. ಆ ವಾಸನೆಯನ್ನು ನಾವು ಸಹಿಸುತ್ತಿದ್ದೆವು, ನಮ್ಮ ಒಗ್ಗರಣೆಯಿಲ್ಲದ ವಾರವನ್ನು ಅವರು ಸಹಿಸುತ್ತಿದ್ದರು. ಅವರ ಅಡುಗೆಮನೆಯ ಕಿಟಕಿ ತೆರೆದುಕೊಳ್ಳುತ್ತಿದ್ದದ್ದೇ ನಮ್ಮ ಹುಳದ ಕಡೆಗೆ. ನಾಲ್ಕನೇ ಜ್ವರ ಎದ್ದಿತು ಎಂದು ಅಮ್ಮ ಗೋಡೆಯಾಚೆ ಒಂದು ಮಾತು ಹೇಳಿದರೆ ಸಾಕು, ಜೈನಾಬಿ ತಮ್ಮ ಕರಿಯುವ ಬಾಂಡ್ಲಿಯನ್ನು ತೊಳೆದು ಕವುಚಿಡುತ್ತಿದ್ದರು.

ಅಮ್ಮ, ಜೈನಾಬಿ ಇಬ್ಬರದೂ ಗೋಡೆ ಮೇಲಿನ ಗೆಳೆತನ. ನಮ್ಮಿಂದ ಬಸ್ಸಾರು, ಹಿತಕಿದ ಅವರೆಕಾಳು ಹೋಗುತ್ತಿತ್ತು. ಅವರಿಂದ ಬರುತ್ತಿದ್ದದ್ದು ಖರ್ಜೂರ, ಸಕ್ಕರೆ, ಶಾವಿಗೆ, ಬೇಯಿಸದ್ದು ಮಾತ್ರ. ಅಜ್ಜಿಯ ಕಟ್ಟಳೆ ಅದು. ಅಜ್ಜಿ ಆ ಮನೆಯ ಹೊಸಲು ತುಳಿದವರಲ್ಲ, ಅವರ ಪಾತ್ರೆ ಮುಟ್ಟಿದವರಲ್ಲ. ನಾನು ಮಾತ್ರ ಅಲ್ಲೇ ತಿಂದು ಅಲ್ಲೇ ಬೆಳೆದೆ. ಅದು ಅಜ್ಜಿಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ನಾನು ಬಾಗಿಲಲ್ಲಿ ಕಾಣಿಸಿದ ಕೂಡಲೇ, ಮುಖ ಬೇರೆ ಕಡೆ ತಿರುಗಿಸಿ, "ಬಾಯಿ ತೊಳ್ಕೊಂಡ್ ಬಾರಮ್ಮ" ಎನ್ನುತ್ತಿದ್ದರು.

ಜೈನಾಬಿಯ ಮಗಳು ಮುನ್ನಿ. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು, ಆದ್ದರಿಂದ ನನಗೆ ಮುನ್ನಕ್ಕ. ನನ್ನ ಜಡೆ ಹಾಕಿದ್ದು, ಎಂಟರ ಮಗ್ಗಿ ಬಾಯಿಪಾಠ ಮಾಡಿಸಿದ್ದು ಎಲ್ಲ ಅವಳೇ. ಅವಳಿಗೆ ಚಿಂತಾಮಣಿಯಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಮುನ್ನಕ್ಕನಿಗೂ ಒಪ್ಪಿಗೆ, ಕೇಳಿದರೆ ಕೆಂಪಾಗುತ್ತಿದ್ದಳು. ಕಷ್ಟವಿದ್ದದ್ದು ಹುಡುಗನ ತಾಯಿಯ ನಾಲಿಗೆಯದು. ಯಾವುದೋ ಊರಿನ ಹುಡುಗಿಯನ್ನು ರೊಟ್ಟಿ ದಪ್ಪವಾಯಿತು ಎಂದು ಬಿಟ್ಟು ಬಂದವರಂತೆ. ಅಡುಗೆ ಸರಿಯಿದ್ದರೆ ಹೂಂ, ಇಲ್ಲದಿದ್ದರೆ ಎದ್ದು ಹೋಗುವುದೇ.

ಅವರು ಬರುತ್ತೇವೆಂದು ಹೇಳಿ ಕಳಿಸಿದ್ದು ರಂಜಾನ್ ತಿಂಗಳ ಒಂದು ಶನಿವಾರಕ್ಕೆ. ಸಂಜೆ ಇಲ್ಲೇ ಉಪವಾಸ ಬಿಟ್ಟು, ಹುಡುಗಿಯ ಕೈರುಚಿ ನೋಡಿ, ಮಾತು ಮುಗಿಸಿಕೊಂಡು ಹೋಗುವುದೆಂದು. ನಮ್ಮ ಹುಳ ನಾಲ್ಕನೇ ಜ್ವರ ಎದ್ದು ಎರಡು ದಿನವಾಗಿತ್ತು.

ಅಮ್ಮ ಗೋಡೆಯ ಬಳಿ ಹೋಗಿ, "ಏನ್ ಮಾಡ್ತೀರ ಜೈನಾಬಿ?" ಎಂದರು.

"ಖರ್ಜೂರ ಇದೆ, ಹಣ್ಣಿದೆ, ಶರಬತ್ತಿದೆ. ಸಾಕು ಬಿಡಿ ಅಕ್ಕ."

"ಹುಡುಗನ ಮನೆಯೋರು ಬರೋವಾಗ ಕರಿದಿದ್ದು ಒಂದೂ ಇಲ್ದೆ ಹೆಂಗೆ?"

"ನಿಮ್ಮ ಹುಳ ಬೇರೆ, ನಮ್ಮ ಹುಳ ಬೇರೇನಾ? ಗೂಡಾಗಿ ನಾಳೆ ಬರೋದು ನಮ್ಮ ಒಲೆಗೇ ಅಲ್ವಾ?" ಎಂದು ಜೈನಾಬಿ ನಕ್ಕರು. ನಗು ಅಷ್ಟು ಗಟ್ಟಿಯಾಗಿರಲಿಲ್ಲ.

ಅಮ್ಮ ಬಂದು ಅಜ್ಜಿಗೆ ಹೇಳಿದರು. ಅಜ್ಜಿ ಹುಳಕ್ಕೆ ಸೊಪ್ಪು ಹಾಕುತ್ತಿದ್ದವರು ಆ ತಟ್ಟೆ ಮುಗಿಸಿ ಕೈ ಕೊಡವಿದರು. ಆಮೇಲೆ, "ತೋಟದ ಬಾವಿ ಹತ್ರ ಒಲೆ ಹೂಡ್ರಿ. ಅಲ್ಲಿ ಎಷ್ಟು ಕರಿದ್ರೂ ಘಾಟು ಊರಿಗೆ ಬರಲ್ಲ. ಆ ಮಗು ಮದುವೆ ನಮ್ಮ ಹುಳದಿಂದ ಕೆಡೋದು ಬೇಡ" ಎಂದರು.

ಹೀಗೆ ಊರಾಚೆಯ ನಮ್ಮ ಹಿಪ್ಪುನೇರಳೆ ತೋಟದಲ್ಲಿ ಕಲ್ಲಿನ ಒಲೆ ಎದ್ದಿತು. ಅಮ್ಮ, ಜೈನಾಬಿ, ಮುನ್ನಕ್ಕ ಮೂವರೂ ಹಿಟ್ಟು ಸೌದೆಗಳ ಸಮೇತ ಬಂದರು, ನಾನು ಬಾಯಲ್ಲಿ ನೀರು ತುಂಬಿಕೊಂಡು ಬಂದೆ. ಅಜ್ಜಿ ಬಾವಿಯ ಕಟ್ಟೆಯ ಮೇಲೆ, ಒಲೆಯಿಂದ ದೂರದಲ್ಲಿ, ಮೇಸ್ತ್ರಿಯ ಹಾಗೆ ಕೂತರು. ಜೈನಾಬಿಯ ಕಲಾಯಿ ಹಾಕಿದ ದೊಡ್ಡ ತಾಮ್ರದ ಪಾತ್ರೆಯಲ್ಲಿ ಕಡಲೆಹಿಟ್ಟು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ ಎಲ್ಲ ಬಿತ್ತು. ಒಬ್ಬರು ಎಣ್ಣೆ ಕಾಯಿಸುವುದು, ಒಬ್ಬರು ಉರಿ ಊದುವುದು, ಒಬ್ಬರು ನೀರಿಗೆ ಓಡುವುದು, ಯಾರು ಏನು ಮಾಡುತ್ತಿದ್ದಾರೆಂದು ಯಾರಿಗೂ ಗೊತ್ತಿಲ್ಲದಷ್ಟು ಸಡಗರ.

ಈಗ ಕೇಳಿ. ಜೈನಾಬಿಗೂ ಮುನ್ನಕ್ಕನಿಗೂ ರೋಜಾ, ಹನಿ ನೀರೂ ಬಾಯಿಗೆ ಬೀಳುವಂತಿಲ್ಲ. ಅಮ್ಮನಿಗೂ ಅಜ್ಜಿಗೂ ಶನಿವಾರದ ಉಪವಾಸ. ಇಡೀ ತೋಟದಲ್ಲಿ ತಿನ್ನಬಹುದಾಗಿದ್ದ ಬಾಯಿ ನನ್ನದೊಂದೇ. ಮೊದಲ ಪಕೋಡ ಎಣ್ಣೆಯಿಂದ ಎದ್ದಾಗ ಜೈನಾಬಿ ಅದನ್ನು ಎಲೆಯ ಮೇಲಿಟ್ಟು, "ತಗೊಳಮ್ಮ, ಉಪ್ಪು ನೋಡು" ಎಂದು ನನಗೆ ನೀಡಿದರು. ಕೈ ಚಾಚಿದೆ, ಅಷ್ಟರಲ್ಲಿ ಕಟ್ಟೆಯ ಮೇಲಿಂದ ಅಜ್ಜಿಯ ದನಿ ಬಂತು.

"ಮುಟ್ಬೇಡ. ಉಪವಾಸ ಇರೋರಿಗೆ ಮಾಡಿದ್ದು ಮೀಸಲು. ಅವ್ರು ಬಾಯಿಗೆ ಇಡೋಕ್ ಮುಂಚೆ ಎಂಜಲು ಮಾಡ್ತಾರಾ?"

ಮೀಸಲು ಎಂಬುದು ದೇವರ ಎಡೆಗೆ ಅಜ್ಜಿ ಆಡುತ್ತಿದ್ದ ಮಾತು. ಜೈನಾಬಿ ಆ ಪಕೋಡವನ್ನು ಎಲ್ಲದರ ಜೊತೆ ಸೇರಿಸಿದರು. ಅವರ ಕಣ್ಣಲ್ಲಿ ನೀರಿತ್ತು, ಹೊಗೆಗೆ ಇರಬಹುದು. ನನ್ನ ಕಣ್ಣಲ್ಲಿದ್ದದ್ದಂತೂ ಪಕೋಡಕ್ಕೆ.

ಸಂಜೆ ಚಿಂತಾಮಣಿಯವರು ಬಂದರು. ಗಂಡಸರು ಹೊರಗೆ, ಹೆಂಗಸರು ಒಳಕೋಣೆಯಲ್ಲಿ. ನಾನು ಮುನ್ನಕ್ಕನ ಸೆರಗು ಹಿಡಿದು ಪಕ್ಕದಲ್ಲೇ ಕೂತಿದ್ದೆ. ಮಸೀದಿಯ ಬಾಂಗ್ ಕೇಳಿಸಿತು. ಹುಡುಗನ ತಾಯಿ ಖರ್ಜೂರ ತಿಂದು, ನೀರು ಕುಡಿದು, ಪಕೋಡ ಬಾಯಿಗಿಟ್ಟರು. ಅಗಿದರು, ನಿಂತರು. ಉಳಿದ ಅರ್ಧವನ್ನು ತಟ್ಟೆಯ ಅಂಚಿಗೆ ಇಟ್ಟು, "ಇದು ಹುಡುಗಿ ಕೈಯಡುಗೇನಾ?" ಎಂದರು. ಜೈನಾಬಿ ಒಂದು ಚೂರು ಬಾಯಿಗೆ ಹಾಕಿಕೊಂಡರು, ಅವರ ಮುಖ ಬಿಳಿಚಿತು. ಉಪ್ಪು, ಬರೀ ಉಪ್ಪು. ಮುನ್ನಕ್ಕ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಆ ಹೆಂಗಸು ಸೆರಗು ಸರಿಮಾಡಿಕೊಂಡು ಏಳುವುದಕ್ಕೆ ಅಣಿಯಾಗುತ್ತಿದ್ದರು.

ನಾನು ಹಿತ್ತಲಿಗೆ ಓಡಿ ಗೋಡೆಯ ಮೇಲಿಂದ, "ಅಮ್ಮ, ಪಕೋಡ ಉಪ್ಪಾಗೋಗಿದೆ, ಅವ್ರು ಎದ್ದು ಹೋಗ್ತಾರಂತೆ" ಎಂದು ಅಳುತ್ತ ಹೇಳಿದೆ. ಅಮ್ಮ "ನಾನು ಸರಿಯಾಗೇ ಹಾಕಿದ್ನಲ್ಲ" ಎಂದು ತಲೆಯ ಮೇಲೆ ಕೈಹೊತ್ತರು. ಅಜ್ಜಿ ನೆಲುವಿನಿಂದ ಮಜ್ಜಿಗೆಯ ಗಡಿಗೆ ಇಳಿಸಿಕೊಂಡು, ಬೀದಿಯ ಕಡೆಯಿಂದ ಬಂದು, ಜೈನಾಬಿಯ ಮನೆಯ ಹೊಸಲ ಮುಂದೆ ನಿಂತರು. ಆಮೇಲೆ ಒಳಗೆ ಕಾಲಿಟ್ಟರು.

"ಆ ಉಪ್ಪು ಹಾಕಿದ್ದು ನಾನಮ್ಮ" ಎಂದರು ಹುಡುಗನ ತಾಯಿಗೆ. "ವಯಸ್ಸಾಯ್ತು, ಕೈ ಅಂದಾಜು ತಪ್ತು. ಮಗೂದು ಏನೂ ತಪ್ಪಿಲ್ಲ. ಮಜ್ಜಿಗೆ ಕುಡೀರಿ."

"ಈ ಮನೆ ಅಡುಗೆಗೆ ನೀವ್ಯಾಕೆ ಉಪ್ಪು ಹಾಕಿದ್ರಿ?"

ಅಜ್ಜಿ ಎಲ್ಲ ಹೇಳಿದರು, ಹುಳ, ಜ್ವರ, ಕವುಚಿಟ್ಟ ಬಾಂಡ್ಲಿ, ತೋಟದ ಒಲೆ, ಮೀಸಲು. ಅಜ್ಜಿಯ ತವರು ಚಿಂತಾಮಣಿಯ ಕಡೆ, ಮಾತು ನಡುನಡುವೆ ತೆಲುಗಿಗೆ ತಿರುಗುತ್ತಿತ್ತು. ಆ ಹೆಂಗಸಿಗೂ ತೆಲುಗು ಚೆನ್ನಾಗಿ ಬರುತ್ತಿತ್ತು. ಕೇಳುತ್ತ ಕೇಳುತ್ತ ಲೋಟದ ಮೇಲೆ ಲೋಟ ಮಜ್ಜಿಗೆ ಕುಡಿದರು. ಕೊನೆಗೆ, "ಕೂರ್ಚೋಂಡಮ್ಮಾ" ಎಂದು ಚಾಪೆಯ ಮೇಲೆ ತಮ್ಮ ಪಕ್ಕದಲ್ಲೇ ಜಾಗ ಬಿಟ್ಟರು. ಜೈನಾಬಿಯ ಕಡೆ ತಿರುಗಿ, "ಪಕ್ಕದ ಮನೆ ಹುಳಕ್ಕೋಸ್ಕರ ರಂಜಾನಲ್ಲಿ ಬಾಂಡ್ಲಿ ಕವುಚಿಟ್ಟ ಮನೆ. ಇಂಥ ಮನೆ ಹುಡುಗಿ ನನ್ನ ನೋಡ್ಕೊಳ್ದೆ ಇರ್ತಾಳಾ?" ಎಂದರು. ಅಜ್ಜಿ ಕೂತರು. ಅವರು ಕೊಟ್ಟ ಖರ್ಜೂರವನ್ನು ಅಲ್ಲೇ ತಿಂದರು.

ಕಥೆ ಇಷ್ಟೇ. ಇದನ್ನು ನಾನು ಎಷ್ಟೋ ನಾಮಕರಣ, ಸೀಮಂತಗಳಲ್ಲಿ ಹೇಳಿ ನಗಿಸಿದ್ದೇನೆ. ಅಜ್ಜಿ ನಡುಗುವ ಕೈಯಲ್ಲಿ ಹಿಡಿ ಹಿಡಿ ಉಪ್ಪು ಸುರಿಯುವುದನ್ನು ಅಭಿನಯಿಸಿ ತೋರಿಸುವುದು ನನ್ನದೇ ಸೇರ್ಪಡೆ. ನಿನ್ನೆಯೂ ತೋರಿಸಿದೆ. ಸೊಸೆ ನಗಲಿಲ್ಲ.

"ಅತ್ತೆ, ಅಜ್ಜಿ ಅವರ ಪಾತ್ರೆ ಮುಟ್ತಾನೇ ಇರ್ಲಿಲ್ಲ ಅಂದ್ರಿ. ಕಟ್ಟೆ ಮೇಲೆ ಕೂತಿದ್ರು ಅಂದ್ರಿ. ಮತ್ತೆ ಉಪ್ಪು ಹೇಗೆ ಹಾಕಿದ್ರು?"

ನನ್ನ ಕೈ ಅಭಿನಯದ ನಡುವೆಯೇ ನಿಂತಿತು. ಇಷ್ಟು ವರ್ಷ ಬಾಯಿಗೆ ಬಂದ ಕಥೆ ತಲೆಗೆ ಹೋಗಿಯೇ ಇರಲಿಲ್ಲ. ಸೊಸೆಯೇ ಚಿಂತಾಮಣಿಗೆ ಫೋನು ಹಚ್ಚಿ ಕೊಟ್ಟಳು. ಮುನ್ನಕ್ಕನಿಗೆ ಈಗ ಎಂಬತ್ತರ ಹತ್ತಿರ. ಸೊಸೆ ಕೇಳಿದ್ದನ್ನೇ ಅವಳನ್ನು ಕೇಳಿದೆ.

"ನಾನು ಹಾಕಿದ್ದು ಕಣೇ" ಎಂದಳು. "ನಿಮ್ಮಮ್ಮ ಆಗ್ಲೇ ಹಾಕಿದ್ರು ಅಂತ ನನಗೂ ಗೊತ್ತಿರ್ಲಿಲ್ಲ, ಅಜ್ಜಿಗೂ ಗೊತ್ತಿರ್ಲಿಲ್ಲ. ನಾನು ಹಾಕೋದನ್ನ ಅಜ್ಜಿ ಕಟ್ಟೆ ಮೇಲಿಂದ ನೋಡ್ತಾನೇ ಇದ್ರು."

"ಇಷ್ಟು ವರ್ಷ ಯಾಕಕ್ಕ ಹೇಳ್ಲಿಲ್ಲ?"

"ನಮ್ಮತ್ತೆಗೆ ನಿಜ ಹೇಳ್ಬಿಡ್ಲಾ ಅಂತ ಮದುವೆ ದಿನ ಅಜ್ಜಿನ ಕೇಳಿದ್ದೆ. ನನ್ನ ತಲೆ ಸವರಿ, 'ನನ್ನ ಮಾತು ಸುಳ್ಳು ಮಾಡ್ಬೇಡಮ್ಮ' ಅಂದ್ರು. ಮಾಡಿಲ್ಲ."

ಫೋನು ಇಟ್ಟ ಮೇಲೆ ನನಗೆ ಅಳು ಬಂತು, ಮುಚ್ಚಿಟ್ಟುಕೊಳ್ಳುವುದೇನು. ಸುಳ್ಳು ಹೇಳಿದರೆ ನನ್ನ ತುಟಿಗೆ ಬರೆ ಹಾಕುತ್ತೇನೆಂದು ಹೆದರಿಸುತ್ತಿದ್ದ ಅಜ್ಜಿ, ಯಾವತ್ತೂ ತುಳಿಯದ ಹೊಸಲನ್ನು ತುಳಿದದ್ದು ಒಂದು ಸುಳ್ಳು ಹೇಳುವುದಕ್ಕೆ. ಆ ಕೈಯನ್ನು ನಾನು ಊರೂರಲ್ಲಿ ನಡುಗಿಸಿ ತೋರಿಸಿದ್ದೆ.

ಸೊಸೆ ಪಕ್ಕದಲ್ಲಿ ಕೂತು, "ಇನ್ಮೇಲೆ ಈ ಕಥೆ ಹೇಗೆ ಹೇಳ್ತೀರ ಅತ್ತೆ?" ಎಂದು ಮೆಲ್ಲಗೆ ಕೇಳಿದಳು.

ಕೈ ನಡುಗಿಸುವುದೊಂದನ್ನು ಬಿಟ್ಟರೆ, ಇದ್ದ ಹಾಗೇ ಹೇಳುತ್ತೇನೆ. ಉಪ್ಪು ಹಾಕಿದ್ದು ನಮ್ಮಜ್ಜಿ. ಚಿಂತಾಮಣಿಯ ಕಡೆ ಹೋದರೆ ನೀವೂ ಹಾಗೇ ಹೇಳಿ.