ಗುಡ್ಡದ ಮೇಲೊಂದು ಗುಡಿ

ಬೆಳಿಗ್ಗೆ ನೀರು ತುಂಬಿದ್ದು, ಮೆಂತ್ಯೆಸೊಪ್ಪು ಬಿಡಿಸಿಟ್ಟದ್ದು, ಎರಡು ಚಾದರ ಒಗೆದದ್ದು, ಗ್ಯಾಸಿನವನಿಗಾಗಿ ಹನ್ನೊಂದರವರೆಗೆ ಕಾದದ್ದು, ಆಮೇಲೆ ನಮ್ಮ ಕನ್ನಡ ಸಂಘಕ್ಕೆ ಹೋಗಿ ಜಗಳಾಡಿದ್ದು. ಇವತ್ತಿನ ಕೆಲಸ ಇಷ್ಟು.

ರಾಜ್ಯೋತ್ಸವಕ್ಕೆ ‘ನಮ್ಮ ಊರು’ ಎಂದು ಸದಸ್ಯರು ಬರೆದ ಚಿತ್ರಗಳನ್ನು ಗೋಡೆಗೆ ಹಾಕುವುದು ಸಂಘದ ರೂಢಿ. ನಾನು ಪುಣೆ ಹತ್ತಿರದ ಭೋಸರಿಯ ನಮ್ಮ ಅಡುಗೆಮನೆ ಕಿಟಕಿಯಿಂದ ಕಾಣುವ ಗುಡ್ಡವನ್ನು ಎಣ್ಣೆಬಣ್ಣದಲ್ಲಿ ಬರೆದು ಕೊಟ್ಟಿದ್ದೆ. ಕೆಳಗೆ ಕಾರ್ಖಾನೆಗಳ ತಗಡಿನ ಸೂರು, ಮೇಲೆ ಒಣಹುಲ್ಲು, ಅದರ ಮೇಲೆ ಏನೂ ಇಲ್ಲದ ಆಕಾಶ. ಮದುವೆಯಾಗಿ ಪುಣೆಗೆ ಬಂದ ಮೇಲೆ ವರ್ಷಗಟ್ಟಲೆ ತವರಿನ ಹೊಳೆಯನ್ನೇ ಬರೆದೆ. ಒಂದರಲ್ಲೂ ನೀರು ನೀರಾಗಲಿಲ್ಲ. ಅವ್ವ ತೀರಿಕೊಂಡ ವರ್ಷ, ದೇವರ ಮುಂದೆ ಕೂತರೂ ಮನಸ್ಸು ನಿಲ್ಲದಿದ್ದಾಗ, ಈ ಗುಡ್ಡವನ್ನು ನೋಡುತ್ತ ನಿಲ್ಲತೊಡಗಿದೆ. ಅದನ್ನು ಬರೆದು ಮುಗಿಸಿದ ದಿನ, ನಾನು ಎಲ್ಲಿಂದಲೋ ಬಂದವಳು ಎಂದು ಮೊದಲ ಸಲ ಅನ್ನಿಸಲಿಲ್ಲ.

ಇವತ್ತು ಹೋಗಿ ನೋಡಿದರೆ ನನ್ನ ಗುಡ್ಡದ ನೆತ್ತಿಯ ಮೇಲೊಂದು ಬಿಳಿ ಗುಡಿ. ಮೇಲೆ ಕಳಸ, ಪಕ್ಕದಲ್ಲಿ ತೆಂಗಿನಮರ. ಹಿಂದಿನ ಸಂಜೆ ಕಾರ್ಯದರ್ಶಿಯವರು ಬೋರ್ಡು ಬರೆಯುವವನನ್ನು ಕರೆಸಿ ಹಾಕಿಸಿದ್ದರು.

“ಬರೇ ತಗಡು, ಹುಲ್ಲು ಇತ್ರಿ ಅಕ್ಕಾರ,” ಅಂದರು ಅವರು, ಚಹಾ ಊದುತ್ತ. “ನೋಡಿದವರಿಗೆ ನಮ್ಮೂರು ಅನಸಬೇಕಲ್ರಿ. ಈಗ ಎಷ್ಟು ಕಳಾ ಬಂದದ ನೋಡ್ರಿ.”

“ನನ್ನ ಕೇಳಬೇಕಿತ್ತಲ್ರಿ.”

“ದೇವರನ್ನ ಕೂಡಸಾಕ ಏನ್ ಕೇಳೂದ್ರಿ?”

“ಅಲ್ಲಿ ದೇವರಿರಲಿಲ್ಲಂತ ನಿಮಗ್ಯಾರು ಹೇಳಿದ್ರು?”

ಅವರು ನಕ್ಕರು. “ಅಕ್ಕಾರಿಗೆ ಸಿಟ್ಟು ಬಂದದ, ಇನ್ನೊಂದು ಚಹಾ ಹೇಳ್ರಪಾ.”

ಈ ಮನುಷ್ಯ ಇಲ್ಲೇ ಮನೆ ಕಟ್ಟಿಸಿದ್ದಾರೆ, ಇಲ್ಲೇ ಮಗಳ ಮದುವೆ ಮಾಡಿದ್ದಾರೆ. ಅವರಿಗೆ ಊರು ಅನ್ನುವುದು ಮಾತ್ರ ಬೇರೆಲ್ಲೋ ಇರಬೇಕು, ಅದಕ್ಕೊಂದು ತೆಂಗಿನಮರವೂ ಇರಬೇಕು. ಚಹಾ ಬರುವ ಮುಂಚೆ ಚಿತ್ರವನ್ನು ಮೊಳೆಯಿಂದ ಇಳಿಸಿಕೊಂಡು ರಿಕ್ಷಾ ಹತ್ತಿದೆ.

ಮನೆಯಲ್ಲಿ ಇವರು ಚೌಕಟ್ಟು ಹಿಡಿದರು, ನಾನು ಹಳೆಯ ಬನಿಯನ್ನಿನ ಚೂರನ್ನು ಟರ್ಪೆಂಟೈನಿನಲ್ಲಿ ಅದ್ದಿ ಒರೆಸಿದೆ. ನನ್ನ ಬಣ್ಣ ಒಣಗಿ ಎರಡು ತಿಂಗಳಾಗಿತ್ತು; ಗುಡಿಯದು ಇನ್ನೂ ಹಸಿ. “ಪಾಪ ಹತ್ತಿದ್ರ ನಿನಗ ಹತ್ತಲಿ,” ಅಂದರು ಇವರು, “ನಾ ಬರೇ ಚೌಕಟ್ಟು ಹಿಡದೀನಿ.” ಗುಡಿ ಹೋಯಿತು, ಮರ ಹೋಯಿತು. ಆಕಾಶ ಮಾತ್ರ ಅಲ್ಲಲ್ಲಿ ಬೆಳ್ಳಗೆ ಮಸುಕಾಯಿತು. ಅಷ್ಟನ್ನು ಮತ್ತೆ ಬರೆಯಬೇಕು.

ಸಂಜೆ ಕಾರ್ಯದರ್ಶಿಯವರ ಫೋನು: ಗೋಡೆ ಖಾಲಿ ಕಾಣ್ತದ, ಏನ್ ಮಾಡೂದ್ರಿ? ಖಾಲೀನೇ ಇರಲಿ ಅಂದೆ.

ಜೋಳದ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ ಉಂಡೆವು. ಸಿಟ್ಟಿಗೆ ನನಗೆ ಒಂದು ರೊಟ್ಟಿ ಹೆಚ್ಚೇ ಸೇರಿತು. ಇವರು ಮೊದಲು ಮಲಗಿದರು.